ಟೈಗರ್ ಮೌಂಟನ್‌ನಲ್ಲಿ ಜಿಯೋಕ್ಯಾಶಿಂಗ್: ನಾಲ್ಕು ಸಿಕ್ಕಿತು, ಐದನೆಯದು ಎಲ್ಲಿ ತಪ್ಪಿತು?

ಮಳೆಕಾಡು:

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್ ಪಕ್ಕದ ಇಸಾಕ್ವಾದಲ್ಲಿ ಇರುವವನು, ಊರು ತೀರ್ಥಹಳ್ಳಿ. ಜಿಯೋಕ್ಯಾಶಿಂಗ್ ಶುರು ಮಾಡಿ ಮೂರು ತಿಂಗಳಾಯಿತು. ಗೊತ್ತಿಲ್ಲದವರಿಗೆ ಒಂದು ಮಾತು. ಯಾರೋ ಒಂದು ಡಬ್ಬಿ (ಇದಕ್ಕೇ ಕ್ಯಾಶ್ ಅನ್ನುವುದು, ದುಡ್ಡಲ್ಲ) ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಆನ್‌ಲೈನ್‌ನಲ್ಲಿ ಹಾಕಿರುತ್ತಾರೆ. ನಾವು ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೇ ಆಟ.

ಕಳೆದ ಶನಿವಾರ ನಾವು ಐದು ಜನ ಟೈಗರ್ ಮೌಂಟನ್‌ಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಕಾಲೇಜಿನಿಂದಲೂ ಜೊತೆಗಿರುವ ಗೆಳೆಯ, ಅವನ ಹೆಂಡತಿ, ಅವರ ಒಂಬತ್ತು ವರ್ಷದ ಮಗ. ಬೆಳಗ್ಗೆ ಎಂಟಕ್ಕೆಲ್ಲಾ ಹೈ ಪಾಯಿಂಟ್ ಟ್ರೇಲ್‌ಹೆಡ್‌ನಲ್ಲಿದ್ದೆವು. ಆಗಲೇ ಪಾರ್ಕಿಂಗ್ ತುಂಬುತ್ತಾ ಇತ್ತು. ಹಿಂದಿನ ರಾತ್ರಿ ಮಳೆ ಬಂದು ನಿಂತಿತ್ತು, ದಾರಿ ತುಂಬಾ ಮೇಪಲ್ ಎಲೆ. ಇಲ್ಲಿನ ಬಿಗ್‌ಲೀಫ್ ಮೇಪಲ್ ಎಲೆ ನಮ್ಮ ಮುತ್ತುಗದ ಎಲೆಯಷ್ಟು ದೊಡ್ಡದು, ಎರಡು ಸೇರಿಸಿ ಕಡ್ಡಿ ಚುಚ್ಚಿದರೆ ಊಟಕ್ಕೆ ಕೂರಬಹುದು. ಆ ಒದ್ದೆ ಮಣ್ಣಿನ ವಾಸನೆಗೆ ನನಗೆ ನಮ್ಮೂರೇ ನೆನಪಾಯಿತು.

ವೆಸ್ಟ್ ಟೈಗರ್ 3 ತುದಿಗೆ 2,522 ಅಡಿ ಎತ್ತರ. ಹೋಗುವ ದಾರಿ ಎರಡೂವರೆ ಮೈಲಿಯೇ ಆದರೂ ಸುಮಾರು 2,000 ಅಡಿ ಏರು. ದಾರಿಯಲ್ಲಿ ಮೂರು ಕ್ಯಾಶ್ ಸಿಕ್ಕವು, ತುದಿಯ ಹತ್ತಿರ ಇನ್ನೊಂದು. ಮೂರನೆಯದನ್ನು ಹುಡುಗನೇ ಹಿಡಿದ. ಬಿದ್ದ ಮರದ ಪಕ್ಕ ಕಡ್ಡಿಗಳನ್ನು ಒಂದೇ ಅಳತೆಗೆ ಜೋಡಿಸಿಟ್ಟಿದ್ದರು, "ಇದು ತಾನಾಗೇ ಬಿದ್ದ ಕಡ್ಡಿ ಅಲ್ಲ ಅಂಕಲ್" ಅಂದ. ತುದಿಯಲ್ಲಿ ಕೂತು ಚಿತ್ರಾನ್ನ, ನಿಪ್ಪಟ್ಟು ತಿಂದೆವು. ಅಲ್ಲಿವರೆಗೂ ಎಲ್ಲಾ ಚೆನ್ನಾಗಿತ್ತು.

ಐದನೆಯದು ಮಲ್ಟಿ ಕ್ಯಾಶ್, ಅಂದರೆ ಒಂದು ಹಂತದಲ್ಲಿ ಸಿಗುವ ಅಂಕಿ ಹಿಡಿದು ಮುಂದಿನದಕ್ಕೆ ಹೋಗುವಂಥದ್ದು. ಮೊದಲ ಹಂತ ಕೆಳಗೇ ಸಿಕ್ಕಿತ್ತು, ಕಾಲು ಸೇತುವೆಯ ಹಲಗೆ ಕೆಳಗೆ ಹೊಡೆದಿದ್ದ ಬೆರಳುದ್ದದ ತಗಡು, ಅದರ ಮೇಲೆ ಕೊನೆಯ ಡಬ್ಬಿಯ ಅಂಕಿಗಳನ್ನು ಗುದ್ದಿದ್ದರು. ಗೆಳೆಯ ಓದಿ ಹೇಳಿದ, ನಾನು ಫೋನಿನ ಮ್ಯಾಪ್‌ಗೆ ಹಾಕಿದೆ. ಊಟ ಆದಮೇಲೆ ಅಲ್ಲಿಗೆ ಹೊರಟರೆ ಬಾಣ ದಾರಿ ಬಿಟ್ಟು ಇಳಿಜಾರಿನ ಕಡೆ ತೋರಿಸಿತು. ಸೊಂಟದವರೆಗೆ ಬೆಳೆದ ಜರೀಗಿಡದ ನಡುವೆ ಇಳಿದೆವು. ಒಂದೂವರೆ ಗಂಟೆ ಹುಡುಕಿದೆವು. ಪ್ರತಿ ಕಲ್ಲು, ಪ್ರತಿ ಬೇರು ನೋಡಿದೆವು. ಐ-90 ಹೈವೇ ಸದ್ದು ಜೋರಾಗಿ ಕೇಳಿಸುತ್ತಿತ್ತು. ಹಿಂಟ್‌ನಲ್ಲಿ "ಎರಡು ಕಣ್ಣಿನ ಮುದುಕನನ್ನು ಕೇಳಿ" ಅಂತ ಇತ್ತು, ಏನೂ ಅರ್ಥ ಆಗಲಿಲ್ಲ. ಕೊನೆಗೆ ನನ್ನ ಫೋನಿನ ಬ್ಯಾಟರಿ 9 ಪರ್ಸೆಂಟಿಗೆ ಬಂತು, ಕಾಡಿನೊಳಗೆ ಐದೂವರೆಗೇ ಮಬ್ಬಾಯಿತು, ಹುಡುಗನ ಬೂಟು ಒದ್ದೆಯಾಗಿ ಅವನು ನಡುಗಲು ಶುರು ಮಾಡಿದ. ಮೇಲೆ ಹತ್ತಿ ದಾರಿ ಸೇರಿ, ಒಂದೇ ಒಂದು ಹೆಡ್‌ಲ್ಯಾಂಪ್ ಬೆಳಕಲ್ಲಿ ಕೆಳಗೆ ಬಂದೆವು. ಆ ಇಳಿಯುವ ಒಂದು ಗಂಟೆ ನನಗೆ ನಿಜವಾಗಲೂ ಭಯ ಆಗಿತ್ತು.

ಈಗ ನನ್ನ ಪ್ರಶ್ನೆ. ಡಬ್ಬಿ ಕಳೆದುಹೋಗಿದೆಯಾ? ಎರಡು ವಾರದ ಹಿಂದೆ ಯಾರೋ ಸಿಕ್ಕಿತು ಅಂತ ಬರೆದಿದ್ದಾರೆ. ಐದಕ್ಕೆ ಡಿಫಿಕಲ್ಟಿ (ಹುಡುಕುವ ಕಷ್ಟ) 2.5, ಟೆರೇನ್ (ದಾರಿಯ ಕಷ್ಟ) 3. "ಸಿಗಲಿಲ್ಲ" ಅಂತ ಲಾಗ್ ಹಾಕಬೇಕಾ, ಅಥವಾ ಸುಮ್ನೆ ಬಿಟ್ಟುಬಿಡಬೇಕಾ? ನಮ್ಮ ಹತ್ತಿರ ಖಾಲಿ ಡಬ್ಬಿ ಇತ್ತು. ಒಂದು ಚೀಟಿ ಹಾಕಿ ಅಲ್ಲೇ ಇಟ್ಟು ಬರೋಣ, ಮುಂದೆ ಬರುವವರಿಗಾದರೂ ಸಿಗುತ್ತೆ ಅಂತ ಗೆಳೆಯ ಅಂದಿದ್ದ. ನಾನು ಬೇಡ ಅಂದೆ, ಆದರೆ ಸರಿಯೋ ತಪ್ಪೋ ಗೊತ್ತಿಲ್ಲ. ಹುಡುಗ ದಿನಾ ಫೋನ್ ಮಾಡಿ "ಅಂಕಲ್, ಉತ್ತರ ಬಂತಾ" ಅಂತ ಕೇಳುತ್ತಿದ್ದಾನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಕ್ಷೆಪ್ರಿಯ:

ಮೊದಲು ಒಂದು ಕೆಲಸ ಮಾಡಿ. ತಗಡಿನ ಮೇಲೆ ಏನಿತ್ತು, ಫೋನಿಗೆ ಏನು ಹಾಕಿದಿರಿ, ಎರಡನ್ನೂ ಚುಕ್ಕಿ ಸಮೇತ ಹಾಗೇ ಬರೆಯಿರಿ. ಪೂರ್ತಿ ಅಂಕಿ ಬೇಡ, ಬೇರೆಯವರಿಗೆ ಜಾಗ ಗೊತ್ತಾಗಿಬಿಡುತ್ತೆ. ಕೊನೆಯ ಭಾಗ ಸಾಕು.

ಯಾಕೆ ಕೇಳುತ್ತಿದ್ದೇನೆ ಅಂದರೆ, ಟೆರೇನ್ 3 ಅಂತ ಇರುವ ಕ್ಯಾಶ್‌ಗೆ ಸೊಂಟದವರೆಗಿನ ಗಿಡದಲ್ಲಿ ಅಷ್ಟು ಹೊತ್ತು ಇಳಿಯಬೇಕಾಗಿ ಬರಲ್ಲ. ಅಂಥ ಜಾಗ ಆಗಿದ್ದರೆ ಇಟ್ಟವರು 4 ಕೊಟ್ಟಿರುತ್ತಿದ್ದರು. ಎರಡು ವಾರದ ಹಿಂದೆ ಸಿಕ್ಕ ಡಬ್ಬಿ ಕಾಡಿನ ಮಧ್ಯೆ ಅಷ್ಟು ಸುಲಭಕ್ಕೆ ಮಾಯ ಆಗುವುದೂ ಇಲ್ಲ. ನನಗೆ ಡಬ್ಬಿಗಿಂತ ಅಂಕಿಯ ಮೇಲೇ ಅನುಮಾನ.

ಮಳೆಕಾಡು:

ಸರ್, ತಗಡಿನ ಫೋಟೋ ನೋಡಿ ಬರೆಯುತ್ತಿದ್ದೇನೆ. ಉತ್ತರದ್ದು ಕೊನೆಗೆ .420, ಪಶ್ಚಿಮದ್ದು ಕೊನೆಗೆ .150. ಚುಕ್ಕಿಯ ಹಿಂದೆ ಎರಡಂಕಿಯ ನಿಮಿಷ ಇದೆ. ನಾನು ಮ್ಯಾಪ್‌ನಲ್ಲಿ ಡಿಗ್ರಿ, ನಿಮಿಷ, ಆಮೇಲೆ 42.0 ಸೆಕೆಂಡ್ ಅಂತ ಹಾಕಿದ್ದೆ. ಪಶ್ಚಿಮಕ್ಕೆ 15.0 ಸೆಕೆಂಡ್.

ನಕ್ಷೆಪ್ರಿಯ:

ಸಿಕ್ಕಿತು ನೋಡಿ. ತಪ್ಪಾಗಿದ್ದು ಇಲ್ಲೇ.

ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷ ಬಳಸುತ್ತಾರೆ. ಸೆಕೆಂಡ್ ಇರುವುದೇ ಇಲ್ಲ. .420 ಅಂದರೆ ಒಂದು ನಿಮಿಷದ ಸಾವಿರ ಭಾಗದಲ್ಲಿ 420 ಭಾಗ. ನಿಮಿಷಕ್ಕೆ 60 ಸೆಕೆಂಡ್, ಹಾಗಾಗಿ 0.420ನ್ನು 60ರಿಂದ ಗುಣಿಸಿದರೆ 25.2 ಸೆಕೆಂಡ್. ನೀವು ಹಾಕಿದ್ದು 42. ವ್ಯತ್ಯಾಸ 16.8 ಸೆಕೆಂಡ್. ಉತ್ತರ ದಕ್ಷಿಣಕ್ಕೆ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್. ಅಂದರೆ ನೀವು 520 ಮೀಟರ್ ಉತ್ತರಕ್ಕೆ ಹೋಗಿದ್ದೀರಿ.

ಪಶ್ಚಿಮದ್ದೂ ಹಾಗೇ. .150 ಅಂದರೆ 9 ಸೆಕೆಂಡ್, ನೀವು ಹಾಕಿದ್ದು 15. ಸಿಯಾಟಲ್ ಇರುವ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮದ ಒಂದು ಸೆಕೆಂಡ್ 21 ಮೀಟರ್ ಮಾತ್ರ, ಯಾಕೆಂದರೆ ಧ್ರುವದ ಕಡೆ ಹೋದಂತೆ ರೇಖಾಂಶದ ಗೆರೆಗಳು ಹತ್ತಿರ ಆಗುತ್ತಾ ಹೋಗುತ್ತವೆ. ಆರು ಸೆಕೆಂಡಿಗೆ ಸುಮಾರು 125 ಮೀಟರ್ ಪಶ್ಚಿಮಕ್ಕೆ. ಎರಡೂ ಸೇರಿ ಡಬ್ಬಿಯಿಂದ ನೀವು ನಿಂತಿದ್ದ ಜಾಗ ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರ. ಹೈವೇ ಸದ್ದು ಜೋರಾಗಿ ಕೇಳಿಸಿತು ಅಂದಿರಲ್ಲ, ಅದೇ ಸಾಕ್ಷಿ. ಐ-90 ಹೋಗುವುದು ಬೆಟ್ಟದ ಉತ್ತರಕ್ಕೆ. ಬಾಣ ನಿಮ್ಮನ್ನು ಹೈವೇ ಕಡೆ ಇಳಿಸಿಕೊಂಡು ಹೋಗಿದೆ.

ಇದು ತುಂಬಾ ಜನ ಮಾಡುವ ತಪ್ಪು, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಇನ್ನೊಂದು ವಿಷಯ. ಸರಿಯಾದ ಅಂಕಿ ಹಾಕಿದರೂ ಬಾಣವನ್ನು ಕೊನೆಯವರೆಗೆ ನಂಬಬೇಡಿ. ಬಯಲಲ್ಲಿ ಒಳ್ಳೆ ಫೋನ್ ಐದು ಮೀಟರ್ ಆಸುಪಾಸು ತೋರಿಸುತ್ತೆ. ಡಗ್ಲಸ್ ಫರ್, ಸೀಡರ್ ಮರಗಳು ದಟ್ಟವಾಗಿರುವ ಇಳಿಜಾರಿನಲ್ಲಿ ಆಕಾಶ ಅರ್ಧ ಮುಚ್ಚಿರುತ್ತೆ, ಸಿಗ್ನಲ್ ಮರಕ್ಕೆ, ಬಂಡೆಗೆ ಬಡಿದು ಬರುತ್ತೆ, ಹತ್ತು ಹದಿನೈದು ಮೀಟರ್ ಆಚೀಚೆ ಆಗುವುದು ಮಾಮೂಲು. ಡಬ್ಬಿ ಇಟ್ಟವರ ಜಿಪಿಎಸ್‌ಗೂ ಅದೇ ಕಷ್ಟ ಇತ್ತು, ಅಲ್ವಾ? ಅವರದ್ದೂ ನಿಮ್ಮದೂ ತಪ್ಪು ಸೇರಿಕೊಳ್ಳುತ್ತೆ. ಹಾಗಾಗಿ ಹತ್ತು ಮೀಟರ್ ಒಳಗೆ ಬಂದಮೇಲೆ ಫೋನನ್ನು ಜೇಬಿಗೆ ಹಾಕಿ. ನಿಂತು ಸುತ್ತ ನೋಡಿ. ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ ಅಂತ ಕೇಳಿಕೊಳ್ಳಿ. ಆ ಹುಡುಗ ಕಡ್ಡಿ ನೋಡಿ ಕಂಡುಹಿಡಿದ ಅಂದಿರಲ್ಲ, ಅವನು ಮಾಡಿದ್ದು ಸರಿಯಾಗಿ ಅದೇ.

ಬೆಟ್ಟದಹೂ:

ಅಂಕಿಯ ಲೆಕ್ಕ ಅವರು ಹೇಳಿಯಾಯಿತು, ನಾನು ಉಳಿದ ಎರಡು ಪ್ರಶ್ನೆಗೆ ಹೇಳುತ್ತೇನೆ. ನಾನು ಇಲ್ಲೇ ಪಕ್ಕದ ಬೆಟ್ಟದಲ್ಲಿ ಮೂರು ಕ್ಯಾಶ್ ಇಟ್ಟು ನೋಡಿಕೊಳ್ಳುತ್ತಿದ್ದೇನೆ, ಹಾಗಾಗಿ ಇಟ್ಟವರ ಕಡೆಯಿಂದ ಮಾತಾಡುತ್ತಿದ್ದೇನೆ.

ಡಿಎನ್‌ಎಫ್ (ಡಿಡ್ ನಾಟ್ ಫೈಂಡ್, ಅಂದರೆ "ಸಿಗಲಿಲ್ಲ") ಲಾಗ್ ಖಂಡಿತ ಹಾಕಿ. ಹೋದಿರಿ, ಹುಡುಕಿದಿರಿ, ಸಿಗಲಿಲ್ಲ. ಅದರಲ್ಲಿ ನಾಚಿಕೆ ಪಡುವುದು ಏನಿಲ್ಲ. ನನ್ನ ಕ್ಯಾಶ್‌ಗೆ ಸಾಲಾಗಿ ಮೂರು ಡಿಎನ್‌ಎಫ್ ಬಂದರೆ ಆ ವಾರಾಂತ್ಯವೇ ಹೋಗಿ ನೋಡಿ ಬರುತ್ತೇನೆ. ಯಾರೂ ಬರೆಯದಿದ್ದರೆ ಡಬ್ಬಿ ಇಲ್ಲ ಅಂತ ನನಗೆ ಗೊತ್ತಾಗುವುದು ಹೇಗೆ? ಇಲ್ಲದ ಡಬ್ಬಿಗಾಗಿ ಇನ್ನೊಂದಷ್ಟು ಜನ ಬೆಟ್ಟ ಹತ್ತುತ್ತಾರೆ. ನಿಮ್ಮ ವಿಷಯದಲ್ಲಿ "ಅಂಕಿ ತಪ್ಪು ಹಾಕಿ ಬೇರೆ ಕಡೆ ಹುಡುಕಿದೆವು" ಅಂತ ಅದನ್ನೂ ಸೇರಿಸಿ ಬರೆಯಿರಿ, ಇಟ್ಟವರು ಗಾಬರಿ ಆಗಲ್ಲ.

ಇನ್ನು ಖಾಲಿ ಡಬ್ಬಿ ಇಡುವ ಮಾತು. ನೀವು ಬೇಡ ಅಂದಿದ್ದು ನೂರಕ್ಕೆ ನೂರು ಸರಿ. ನಿಮ್ಮ ಗೆಳೆಯರ ಮನಸ್ಸು ಒಳ್ಳೆಯದೇ, ಆದರೆ ಅದರಿಂದ ಏನಾಗುತ್ತಿತ್ತು ನೋಡಿ. ನಿಜವಾದ ಡಬ್ಬಿ ಅರ್ಧ ಕಿಲೋಮೀಟರ್ ಆಚೆ ಸುರಕ್ಷಿತವಾಗಿ ಇದೆ. ನೀವು ಇಟ್ಟಿದ್ದರೆ ಅದು ಯಾರಿಗೂ ಲೆಕ್ಕವಿಲ್ಲದ ಪ್ಲಾಸ್ಟಿಕ್ ಆಗಿ ಆ ಜರೀಗಿಡದ ಅಡಿಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿತ್ತು. ಡಬ್ಬಿ ನಿಜವಾಗಲೂ ಕಳೆದಿದ್ದರೂ ಅದನ್ನು ಬದಲಾಯಿಸುವುದು ಇಟ್ಟವರ ಕೆಲಸ, ಅಥವಾ ಅವರನ್ನು ಕೇಳಿ ಮಾಡಬೇಕು. ಒಳಗಿನ ಪುಸ್ತಕ ಒದ್ದೆಯಾಗಿದ್ದರೆ ಒಂದು ಒಣಗಿದ ಹಾಳೆ ಸೇರಿಸಿ ಬರುವುದು ಬೇರೆ ಮಾತು, ಅದನ್ನು ಎಲ್ಲರೂ ಖುಷಿಯಿಂದ ಒಪ್ಪುತ್ತಾರೆ. ಅಂದಹಾಗೆ ಪೆನ್ಸಿಲ್ ಇಟ್ಟುಕೊಳ್ಳಿ. ಇಲ್ಲಿನ ಮಳೆಗೆ ನೆಂದ ಕಾಗದದ ಮೇಲೆ ಬಾಲ್‌ಪೆನ್ ಹಿಡಿಯಲ್ಲ. ಟಕೋಮಾದಲ್ಲಿ ತಯಾರಾಗುವ ರೈಟ್ ಇನ್ ದ ರೈನ್ ಪುಸ್ತಕ ಸಿಕ್ಕರೆ ಬ್ಯಾಗಿನಲ್ಲಿ ಒಂದೆರಡು ಹಾಳೆ ಇರಲಿ, ನೀರಿಗೆ ಜಗ್ಗಲ್ಲ.

ಒಂದು ವಿಷಯ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಐದು ಜನ ಒಂದೂವರೆ ಗಂಟೆ ಒಂದೇ ಇಳಿಜಾರಿನಲ್ಲಿ ತುಳಿದಾಡಿದರೆ ಅಲ್ಲಿನ ಪಾಚಿ, ಜರೀಗಿಡ ಏಳಲು ತುಂಬಾ ಕಾಲ ಬೇಕು. ನೀವು ತುಳಿದ ಜಾಡನ್ನು ನೋಡಿ ಮುಂದಿನವರು ಅದೇ ದಾರಿ ಅಂದುಕೊಂಡು ಇಳಿಯುತ್ತಾರೆ, ಮಳೆ ನೀರೂ ಅದೇ ಜಾಡಿನಲ್ಲಿ ಮಣ್ಣು ಕೊಚ್ಚಿಕೊಂಡು ಹೋಗುತ್ತೆ. ಇಪ್ಪತ್ತು ನಿಮಿಷ ಹುಡುಕಿ, ಸಿಗಲಿಲ್ಲವಾ, ದಾರಿಗೆ ವಾಪಸ್ ಬನ್ನಿ. ಮತ್ತೆ ಮಗುವನ್ನು ಕರೆದುಕೊಂಡು ಅಕ್ಟೋಬರ್‌ನಲ್ಲಿ ಹೋಗುವಾಗ ತಲೆಗೊಂದು ಹೆಡ್‌ಲ್ಯಾಂಪ್ ಇರಲೇಬೇಕು. ಅರ್ಧ ತಿಂಗಳು ಕಳೆದರೆ ಇಲ್ಲಿ ಆರೂಕಾಲು ಆರೂವರೆಗೆಲ್ಲಾ ಸೂರ್ಯ ಮುಳುಗುತ್ತಾನೆ, ಮರದಡಿ ಅದಕ್ಕೂ ಮೊದಲೇ ಕತ್ತಲೆ. ಒಂದು ಪವರ್ ಬ್ಯಾಂಕ್, ಮೊದಲೇ ಡೌನ್‌ಲೋಡ್ ಮಾಡಿದ ಮ್ಯಾಪ್, ಒಂದು ಜೊತೆ ಒಣಗಿದ ಕಾಲುಚೀಲ. ಇದು ಒಂದು ಕಿಲೋ ತೂಕವೂ ಬರಲ್ಲ.

ಕೊಡಗಿನಕಾಫಿ:

ನಾನು ಪೋರ್ಟ್‌ಲ್ಯಾಂಡ್ ಕಡೆಯವಳು. ಹಿಂಟ್ ಓದಿದ ತಕ್ಷಣ ನಗು ಬಂತು, ಯಾಕೆಂದರೆ ನಮ್ಮ ಕಾಡಿನಲ್ಲೂ ಆ ಮುದುಕರು ಇದ್ದಾರೆ!

ಉತ್ತರ ಪೂರ್ತಿ ಹೇಳಲ್ಲ, ಹುಡುಗನ ಖುಷಿ ಕೆಡಿಸಬಾರದು. ಇಷ್ಟು ಮಾತ್ರ ಹೇಳುತ್ತೇನೆ. ನೂರು ವರ್ಷದ ಹಿಂದೆ ಇಲ್ಲಿ ದೊಡ್ಡ ದೊಡ್ಡ ಸೀಡರ್, ಫರ್ ಮರಗಳನ್ನು ಕೈಗರಗಸದಲ್ಲೇ ಕಡಿಯುತ್ತಿದ್ದರು. ಬುಡ ತುಂಬಾ ಅಗಲ, ಅಲ್ಲಿ ಕೊಯ್ಯುವುದು ಕಷ್ಟ. ಅದಕ್ಕೆ ಆಳೆತ್ತರದಲ್ಲಿ ಕಾಂಡಕ್ಕೆ ಕೊಡಲಿಯಿಂದ ಗೂಡು ಕೊರೆದು, ಅದರೊಳಗೆ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಸ್ಪ್ರಿಂಗ್‌ಬೋರ್ಡ್ ಅಂತಾರೆ. ಮರ ಹೋಯಿತು, ಬೊಡ್ಡೆ ಉಳಿಯಿತು, ಬೊಡ್ಡೆಯ ಮೇಲೆ ಆ ಗೂಡುಗಳೂ ಉಳಿದವು. ಈಗ ಹೋಗಿ ಒಂದು ಹಳೆ ಸೀಡರ್ ಬೊಡ್ಡೆಯ ಮುಂದೆ ನಿಂತು ನೋಡಿ, ಏನು ಕಾಣುತ್ತೆ ಅಂತ.

ನಿಮಗೆ ಈ ಆಟ ಇಷ್ಟ ಆಗಿದೆ ಅನ್ನುವುದು ಬರಹದಲ್ಲೇ ಗೊತ್ತಾಗುತ್ತೆ, ಅದಕ್ಕೆ ಇನ್ನೊಂದು ಮಾತು. ನೀವು ಇರುವುದು ಈ ಆಟದ ತವರಿನಲ್ಲೇ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು, ನೂರು ಮೀಟರ್‌ವರೆಗೆ ತಪ್ಪು ಇರುತ್ತಿತ್ತು. ಮೇ 1ರ ಮಧ್ಯರಾತ್ರಿ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಡೇವ್ ಉಲ್ಮರ್ ಅನ್ನುವವರು ನಮ್ಮ ಆರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಅಂಕಿಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಒಂದು ಬೀನ್ಸ್ ಡಬ್ಬ ಎಲ್ಲಾ ಇತ್ತಂತೆ. ಮೊದಲು ಕಂಡುಹಿಡಿದವರು ಮೈಕ್ ಟೀಗ್. ಈಗ ಆ ಜಾಗದಲ್ಲಿ ಒಂದು ಫಲಕ ಇದೆ. ನಾನು ಮೊದಲ ಸಲ ಹೋದಾಗ ಕಾಡು ರಸ್ತೆ ಪಕ್ಕ ಅಷ್ಟೇನೂ ದೊಡ್ಡದಲ್ಲದ ಆ ಫಲಕದ ಮೇಲೆ ಕೈ ಇಟ್ಟು ತುಂಬಾ ಹೊತ್ತು ನಿಂತಿದ್ದೆ.

ಈ ಫಲಕ, ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿರುವ ಜಿಯೋಕ್ಯಾಶಿಂಗ್ ಆಫೀಸ್, ಆಮೇಲೆ ಸ್ನೋಕ್ವಾಲ್ಮಿ ಹಳೆ ರೈಲು ಸುರಂಗದ ಕ್ಯಾಶ್. ಈ ಮೂರನ್ನೂ ನೋಡಲು ದೇಶ ವಿದೇಶದಿಂದ ಬರುತ್ತಾರೆ. ಸುರಂಗದ್ದು 2001ರಲ್ಲಿ ಒಂದು ಸಿನಿಮಾ ಪ್ರಚಾರಕ್ಕೆ ಇಟ್ಟಿದ್ದು. 2011ರಲ್ಲಿ ಡಬ್ಬಿ ಕಳುವಾಗಿ, ವರ್ಷಗಳ ಮೇಲೆ ಸಿಕ್ಕು, ಮತ್ತೆ ಚಾಲೂ ಆಯಿತು. ಸುರಂಗ 2.3 ಮೈಲಿ ಉದ್ದ, ಒಳಗೆ ಕಗ್ಗತ್ತಲೆ, ಬೇಸಿಗೆಯಲ್ಲೂ ಥಂಡಿ. ನವೆಂಬರ್‌ನಿಂದ ಏಪ್ರಿಲ್ ಕೊನೆವರೆಗೆ ಬಾಗಿಲು ಹಾಕುತ್ತಾರೆ, ಹಾಗಾಗಿ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ಹುಡುಗನನ್ನು ಮರೆಯದೆ ಕರೆದುಕೊಂಡು ಹೋಗಿ.

ಜಯನಗರ4ನೇಬ್ಲಾಕ್:

ಓದಿ ತುಂಬಾ ಖುಷಿ ಆಯಿತು ಗುರು. ಬೆಂಗಳೂರಿನಲ್ಲಿ ಕೂತು ಈ ಆಟ ಆಡುವವನ ಎರಡು ಮಾತು.

ನಮ್ಮಲ್ಲಿ ಕ್ಯಾಶ್‌ಗಳು ಕಡಿಮೆ, ಬೆಟ್ಟದಲ್ಲಂತೂ ಇನ್ನೂ ಕಡಿಮೆ. ಕಾರಣ ಇದೆ. ಅರಣ್ಯ ಇಲಾಖೆಯ ಬೆಟ್ಟಗಳಿಗೆ ಹತ್ತುವುದಕ್ಕೇ ಎಷ್ಟೋ ಕಡೆ ಆನ್‌ಲೈನ್ ಬುಕಿಂಗ್ ಬೇಕು, ಅನುಮತಿ ಇಲ್ಲದೆ ಅಲ್ಲಿ ಡಬ್ಬಿ ಬಿಟ್ಟು ಬರುವುದು ತಪ್ಪು. ಜನ ಓಡಾಡುವ ಕಡೆ ಇಟ್ಟರೆ ಯಾರಾದರೂ ಅನುಮಾನ ಪಟ್ಟು ಪೊಲೀಸರಿಗೆ ಫೋನ್ ಮಾಡುತ್ತಾರೆ, ಅವರದ್ದು ತಪ್ಪಲ್ಲ. ನಂದಿ ಬೆಟ್ಟದಂಥ ಕಡೆ ಕೋತಿಗಳ ಕೈಗೆ ಸಿಕ್ಕರೆ ಮುಗಿಯಿತು, ತಿಂಡಿ ಡಬ್ಬಿ ಅಂದುಕೊಂಡು ಬಿಚ್ಚಿ ಎಸೆಯುತ್ತವೆ.

ಅದಕ್ಕೇ ನನಗೆ ಅರ್ಥ್‌ಕ್ಯಾಶ್ ಇಷ್ಟ. 2004ರಿಂದ ಇದೆ, ಡಬ್ಬಿಯೇ ಇರಲ್ಲ. ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲು ಮಣ್ಣು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು. ನಮ್ಮ ಲಾಲ್‌ಬಾಗ್ ಬಂಡೆಯನ್ನೇ ನೋಡಿ, ಕೆಂಪೇಗೌಡರ ಗೋಪುರ ಇರುವುದು. ಮುನ್ನೂರು ಕೋಟಿ ವರ್ಷದ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿಕ್ಕವನಿದ್ದಾಗ ಅದರ ಮೇಲೆ ಜಾರಿ ಆಡಿದ್ದೇನೆ. ಕಪ್ಪು ಬಿಳಿ ಪಟ್ಟೆಗಳು ಮಡಚಿಕೊಂಡಿರುವುದನ್ನು ಮಂಡಿಯೂರಿ ನೋಡಿದ್ದು ಮಾತ್ರ ಈ ಆಟ ಶುರು ಮಾಡಿದ ಮೇಲೆ.

ಊರಿಗೆ ಬರುವಾಗ ಒಂದು ಎಚ್ಚರ. ಅಲ್ಲಿ ಬೆಟ್ಟಕ್ಕೆ ಒಯ್ಯುವ ಸ್ಯಾಟಲೈಟ್ ಮೆಸೇಜ್ ಸಾಧನ, ಗಾರ್ಮಿನ್ ಇನ್‌ರೀಚ್ ಥರದ್ದು, ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿದ ಪ್ರಕರಣಗಳಿವೆ. ಕ್ಯಾಶ್ ಹುಡುಕಲು ಫೋನ್ ಸಾಕು.

ಮಳೆಕಾಡು:

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಮತ್ತೆ ಹೋಗಿ ಬಂದೆವು, ಅದನ್ನು ಹೇಳಲೇಬೇಕು.

ಮೊದಲು ಶನಿವಾರ ರಾತ್ರಿಯೇ ಡಿಎನ್‌ಎಫ್ ಲಾಗ್ ಬರೆದೆ, ತಪ್ಪು ಅಂಕಿಯ ವಿಷಯ ಸೇರಿಸಿ. ಅರ್ಧ ಗಂಟೆಯಲ್ಲಿ ಇಟ್ಟವರಿಂದ ಉತ್ತರ ಬಂತು. ತಾವೂ ಮೊದಲ ವರ್ಷ ಅದೇ ತಪ್ಪು ಮಾಡಿದ್ದರಂತೆ, ಡಬ್ಬಿ ಚೆನ್ನಾಗಿದೆ, ಹೋಗಿ ಬನ್ನಿ ಅಂದರು.

ಈ ಸಲ ತಲೆಗೊಂದು ಹೆಡ್‌ಲ್ಯಾಂಪ್, ಎರಡು ಪವರ್ ಬ್ಯಾಂಕ್. ಅಂಕಿಯನ್ನು ಹುಡುಗನೇ ಹಾಕಿದ, .420 ಅಂತ ಚುಕ್ಕಿ ಸಮೇತ ಮೂರು ಸಲ ನೋಡಿ. ಬಾಣ ದಾರಿಯ ಪಕ್ಕದಲ್ಲೇ ತೋರಿಸಿತು. ಹೈವೇ ಸದ್ದು ಅಷ್ಟಾಗಿ ಇರಲಿಲ್ಲ, ಮರದಿಂದ ನೀರು ತೊಟ್ಟಿಕ್ಕುವುದೇ ಕೇಳಿಸುತ್ತಿತ್ತು. ಹತ್ತಿರ ಹೋದಮೇಲೆ ದೂರ 4 ಮೀಟರ್ ಅಂತ ಬಂತು, ಒಂದು ಹೆಜ್ಜೆ ಇಟ್ಟರೆ 14, ಮತ್ತೆ 7. ಫೋನ್ ಜೇಬಿಗೆ ಹಾಕಿದೆ. ಐದೂ ಜನ ನಿಂತು ಸುಮ್ನೆ ನೋಡಿದೆವು.

ಹುಡುಗ ನನ್ನ ತೋಳು ಹಿಡಿದು ಎಳೆದ. "ಅಂಕಲ್, ಅವನು ನಮ್ಮನ್ನೇ ನೋಡುತ್ತಿದ್ದಾನೆ."

ಸೀಡರ್ ಬೊಡ್ಡೆ. ನಾವು ಐದು ಜನ ಕೈ ಕೈ ಹಿಡಿದು ಸುತ್ತಿದರೂ ತುಸು ಉಳಿಯುವಷ್ಟು ದಪ್ಪ. ನನ್ನ ಎದೆಯ ಎತ್ತರದಲ್ಲಿ ಎರಡು ಗೂಡು, ಪಾಚಿ ಹುಬ್ಬಿನಂತೆ ಇಳಿಬಿದ್ದಿತ್ತು. ಬೊಡ್ಡೆಯ ತಲೆಯ ಮೇಲೆ ಒಂದು ಎಳೆ ಹೆಮ್ಲಾಕ್ ಮರ ಬೇರು ಬಿಟ್ಟು ನಿಂತಿತ್ತು. ಒಂದು ಗೂಡಿನೊಳಗೆ ಕೈ ಹಾಕಿದೆ, ಕೊಡಲಿಯ ಏಟು ಬೆರಳಿಗೆ ಇನ್ನೂ ಸಿಗುತ್ತೆ, ಅಂಚು ಅಷ್ಟು ಚೂಪಾಗಿ ಉಳಿದಿದೆ. ಹಿಂದುಗಡೆ ಬುಡದಲ್ಲಿ ಒಂದು ಪೊಟರೆ, ಅದಕ್ಕೆ ತೊಗಟೆಯ ತುಂಡನ್ನು ಬಾಗಿಲಿನಂತೆ ಇಟ್ಟಿದ್ದರು. ಒಳಗೆ ಹಸಿರು ಬಣ್ಣದ ಹಳೆ ಪೆಟ್ಟಿಗೆ, ಬಂದೂಕಿನ ಗುಂಡು ತುಂಬಿಡುವಂಥದ್ದು. ಮುಚ್ಚಳ ತೆಗೆದರೆ ರಬ್ಬರ್ ಪಟ್ಟಿಯ ಒಳಗೆ ಒಂದು ಹನಿ ನೀರಿಲ್ಲ.

ಗೆಳೆಯ ಪುಸ್ತಕದ ಹಾಳೆ ತಿರುಗಿಸುತ್ತಾ ಹೋದ. ಒಂದು ಕಡೆ ಜಪಾನಿ ಅಕ್ಷರ, ಇನ್ನೊಂದು ಕಡೆ ಯಾರೋ ಬರೆದ ನಾಯಿ ಚಿತ್ರ. ಕನ್ನಡ ಎಲ್ಲೂ ಇರಲಿಲ್ಲ. ಹುಡುಗ ಪೆನ್ಸಿಲ್ ತೆಗೆದುಕೊಂಡು ತನ್ನ ಹೆಸರನ್ನು ಕನ್ನಡದಲ್ಲಿ ಬರೆದ. ಒತ್ತಕ್ಷರದ ಹತ್ತಿರ ನಿಂತು ಅವನ ಅಮ್ಮನ ಮುಖ ನೋಡಿದ, ಅವರು ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಪೆಟ್ಟಿಗೆಯಿಂದ ಅವನು ಒಂದು ನೀಲಿ ಗೋಲಿ ತೆಗೆದುಕೊಂಡು, ಅದರ ಬದಲಿಗೆ ಅಜ್ಜಿ ಕಳಿಸಿದ್ದ ಚನ್ನಪಟ್ಟಣದ ಬುಗುರಿಯನ್ನು ಅಲ್ಲಿಟ್ಟ. ತಾನೇ ಮುಚ್ಚಳ ಹಾಕಿ, ತೊಗಟೆ ಮುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಾಣುತ್ತಾ ಇಲ್ಲವಾ ಅಂತ ನೋಡಿ ಬಂದ.

ಮೂರು ಗಂಟೆಗೆಲ್ಲಾ ಕಾರಿನ ಹತ್ತಿರ ಇದ್ದೆವು. ಬುಗುರಿ ಯಾರ ಕೈಗೆ ಸಿಗುತ್ತೆ ಅಂತ ನೋಡಲು ಆ ಪೇಜನ್ನು ಅವನು ದಿನಾ ತೆಗೆಯುತ್ತಿದ್ದಾನೆ.